ಮೂರು ಕಾಲದ ಹೊದಿಕೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂತಹ ಉತ್ಸವಗಳಲ್ಲಿ ಭಾಷಣಕ್ಕೆ ನಿಂತವರು ನುಡಿಯ ಅಳಿವು ಉಳಿವುಗಳನ್ನು ಕುರಿತೋ, ಹೇಮಾವತಿಯಲ್ಲಿ ಆಳಿದ ನೊಳಂಬರ ಹಿರಿಮೆಯನ್ನು ಕುರಿತೋ ಮಾತನಾಡುವುದು ವಾಡಿಕೆ. ಆ ವಿಷಯಗಳು ದೊಡ್ಡವು. ಅವನ್ನು ಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾವು ಈ ದಿನ ಆರಿಸಿಕೊಂಡಿರುವ ವಿಷಯ ಬಹಳ ಚಿಕ್ಕದು. ಮನೆಯನ್ನು ಬಿಟ್ಟು, ಬೆಟ್ಟದ ಮೇಲೋ ಕಾಡಿನ ಅಂಚಿನಲ್ಲೋ ಒಂದು ರಾತ್ರಿ ಮಲಗಬೇಕಾಗಿ ಬಂದಾಗ ಏನನ್ನು ಹೊದೆಯಬೇಕು ಎಂಬುದೇ ಆ ವಿಷಯ.

ಇದನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ಕನ್ನಡ ಶಾಲೆಗಳಲ್ಲಿ ಓದಿದ ಮಕ್ಕಳು ಅನಂತಪುರಕ್ಕೋ ಬೆಂಗಳೂರಿಗೋ ಕಾಲೇಜಿಗೆ ಹೋಗುತ್ತಾರೆ. ಅಲ್ಲಿ ಬೆಟ್ಟ ಹತ್ತುವ ತಂಡಗಳನ್ನು ಸೇರುತ್ತಾರೆ. ಬಹು ಸಂತೋಷದ ಸಂಗತಿ. ಆದರೆ ಆ ತಂಡದವರು ಕೊಡುವ ಸಾಮಾನುಗಳ ಪಟ್ಟಿಯಲ್ಲಿ ‘ಥ್ರೀ ಸೀಸನ್ ಸ್ಲೀಪಿಂಗ್ ಬ್ಯಾಗ್’ ಎಂಬ ಒಂದು ಬಾಬು ಇರುತ್ತದೆ. ಕಡಲೆಕಾಯಿ ಕೈಕೊಟ್ಟ ವರ್ಷದಲ್ಲಿ ತಂದೆಯಾದವನು ಅದಕ್ಕಾಗಿ ಸಾವಿರಾರು ರೂಪಾಯಿಗಳನ್ನು ಹೊಂದಿಸಬೇಕಾಗುತ್ತದೆ. ಅಂತಹ ಪಟ್ಟಿಯೊಂದನ್ನು ಹಿಡಿದುಕೊಂಡು ಒಬ್ಬ ತಾಯಿ ನಮ್ಮಲ್ಲಿಗೆ ಬಂದರು. “ಮೇಷ್ಟ್ರೇ, ಮೂರು ಕಾಲದ ಚೀಲ ಅಂತಾರಲ್ಲ, ಇರೋದೇ ಮೂರು ಕಾಲ. ಹಾಗಾದರೆ ವರ್ಷವೆಲ್ಲಾ ಇದನ್ನೇ ಹೊದೀಬೇಕಾ?” ಎಂದು ಕೇಳಿದರು. ನಾವು ಆಗ ನಕ್ಕೆವು. ಆದರೆ ಯೋಚಿಸಿದಾಗ ಆ ತಾಯಿ ಕೇಳಿದ ಪ್ರಶ್ನೆಯೇ ಈ ವಿಷಯದ ಬೀಗದ ಕೈ ಎಂದು ತೋರಿತು.

ಪಶ್ಚಿಮ ದೇಶಗಳವರಿಗೆ ಕಾಲಗಳು ನಾಲ್ಕು: ವಸಂತ, ಬೇಸಿಗೆ, ಎಲೆಯುದುರುವ ಶರತ್ತು ಮತ್ತು ಹಿಮ ಬೀಳುವ ಚಳಿಗಾಲ. ಅವರು ‘ಮೂರು ಕಾಲದ್ದು’ ಎನ್ನುವಾಗ ಹಿಮದ ಕಾಲವೊಂದನ್ನು ಬಿಟ್ಟು ಮಿಕ್ಕ ಮೂರಕ್ಕೆ ಸಲ್ಲುವುದು ಎಂದು ಅರ್ಥ. ಇರುಳಿನಲ್ಲಿ ನೀರು ಹೆಪ್ಪುಗಟ್ಟುವ ಮಟ್ಟದ ಆಸುಪಾಸಿಗೆ ಇಳಿಯತಕ್ಕ ಚಳಿಯನ್ನು ತಡೆಯುವುದಕ್ಕಾಗಿ ಅದನ್ನು ಹೊಲಿದಿರುತ್ತಾರೆ. ನಮಗಾದರೋ ಬೇಸಿಗೆ, ಮಳೆ, ಚಳಿ ಎಂಬ ಮೂರೇ ಕಾಲಗಳು. ಅವರ ಮೂರಕ್ಕೂ ನಮ್ಮ ಮೂರಕ್ಕೂ ಲೆಕ್ಕವೊಂದೇ ಹೊರತು ಅರ್ಥ ಬೇರೆ. ಏಪ್ರಿಲ್ ತಿಂಗಳಲ್ಲಿ ಕಲ್ಯಾಣದುರ್ಗದ ಮಾಳಿಗೆಯ ಮೇಲೆ ಅಂತಹ ಚೀಲದೊಳಗೆ ಮಲಗಿದವನು ಬೆವರಿನಲ್ಲಿ ತೊಯ್ದುಹೋದಾನು. ಮಳೆಗಾಲದಲ್ಲಿ ಸಹ್ಯಾದ್ರಿಗೆ ಒಯ್ದರೆ ಅದು ನೀರು ಕುಡಿದು ನಿಷ್ಪ್ರಯೋಜಕವಾದೀತು. ಆದುದರಿಂದ ಚೀಟಿಯ ಮೇಲೆ ‘ಮೂರು ಕಾಲ’ ಎಂದು ಬರೆದಿದ್ದರೆ ಅಷ್ಟಕ್ಕೇ ತೃಪ್ತಿಪಡಬಾರದು. ಯಾವ ಊರಿನ ಯಾವ ತಿಂಗಳಿನ ರಾತ್ರಿ ಎಂದು ನಮ್ಮನ್ನು ನಾವೇ ಕೇಳಿಕೊಳ್ಳತಕ್ಕದ್ದು.

ಇನ್ನು ಹೊದಿಕೆಯ ಗುಟ್ಟನ್ನು ಸ್ವಲ್ಪ ವಿಚಾರಿಸೋಣ. ಹೊದಿಕೆ ಶಾಖವನ್ನು ಹುಟ್ಟಿಸುತ್ತದೆಂದು ಅನೇಕರು ನಂಬಿದ್ದಾರೆ. ವಾಸ್ತವವಾಗಿ ಒಲೆ ಇರುವುದು ನಮ್ಮ ಮೈಯೊಳಗೆ; ಉಂಡ ಅನ್ನವೇ ಅದಕ್ಕೆ ಸೌದೆ. ಆ ಶಾಖ ಹೊರಗೆ ಸೋರಿಹೋಗದಂತೆ ತಡೆಯುವುದಷ್ಟೇ ಹೊದಿಕೆಯ ಕೆಲಸ. ತಡೆಯುವುದು ಸಹ ಬಟ್ಟೆಯಲ್ಲ, ಉಣ್ಣೆಯ ಎಳೆಗಳ ನಡುವೆಯೋ ಹಕ್ಕಿಯ ತುಪ್ಪುಳಿನ ನಡುವೆಯೋ ಅಲುಗಾಡದೆ ನಿಂತ ಗಾಳಿ. ನಿಂತ ಗಾಳಿ ಶಾಖವನ್ನು ಸುಲಭವಾಗಿ ಸಾಗಗೊಡುವುದಿಲ್ಲ. ತುಪ್ಪುಳು ಎಷ್ಟು ಉಬ್ಬಿರುತ್ತದೆಯೋ ಅಷ್ಟು ಗಾಳಿ ಅದರಲ್ಲಿ ಸೆರೆಯಾಗಿರುತ್ತದೆ. ಒತ್ತಿದರೆ ಗಾಳಿ ಹೊರಟುಹೋಗುತ್ತದೆ, ನೆನೆದರೆ ಗಾಳಿಯ ಜಾಗವನ್ನು ನೀರು ಹಿಡಿಯುತ್ತದೆ. ಈ ಎರಡು ಮಾತುಗಳನ್ನು ನೆನಪಿಟ್ಟವರಿಗೆ ಮುಂದೆ ಹೇಳುವುದೆಲ್ಲ ಸುಲಭವಾಗಿ ತಿಳಿಯುವುದು.

ಈ ಚೀಲ ನಮಗೆ ಹೊಸದಾಗಿ ಕಂಡರೂ ಅದರ ಹುಟ್ಟು ನಮಗೆ ಪರಿಚಿತವಾದುದೇ. ೧೮೭೬ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಊರಿನ ಉಣ್ಣೆ ವ್ಯಾಪಾರಿ ಪ್ರೈಸ್ ಪ್ರೈಸ್-ಜೋನ್ಸ್ ಎಂಬಾತನು ‘ಯೂಕ್ಲಿಸಿಯಾ’ ಎಂಬ ಹೆಸರಿನ ಹೊದಿಕೆಗೆ ಸನ್ನದು ಪಡೆದನು. ಅದು ಮಡಿಚಿ ಬಿಗಿದುಕೊಳ್ಳಬಹುದಾದ ಒಂದು ಉಣ್ಣೆಯ ಕಂಬಳಿ. ಗಾಳಿ ತುಂಬುವ ರಬ್ಬರಿನ ದಿಂಬಿಗೆ ಅದರಲ್ಲೊಂದು ಜೇಬಿತ್ತು. ರಷ್ಯದ ಸೈನ್ಯಕ್ಕಾಗಿ ಅವನ್ನು ಸಾವಿರಗಟ್ಟಲೆ ತರಿಸಿಕೊಂಡರು. ೧೮೭೮ರಲ್ಲಿ ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ ಕತ್ತೆಯೊಂದನ್ನು ಹೊಡೆದುಕೊಂಡು ಕಾಲ್ನಡಿಗೆಯಲ್ಲಿ ಸಂಚರಿಸಿದ ಸಾಹಿತಿ ರಾಬರ್ಟ್ ಲೂಯಿ ಸ್ಟೀವನ್‌ಸನ್ ತನಗೆಂದು ಮಾಡಿಸಿಕೊಂಡಿದ್ದ ಮಲಗುವ ಚೀಲಕ್ಕೆ ಹೊರಗಡೆ ನೀರು ತಾಗದ ಬಟ್ಟೆ, ಒಳಗಡೆ ಕುರಿಯ ತುಪ್ಪಟವಿತ್ತು. ಹತ್ತು ವರ್ಷಗಳ ತರುವಾಯ, ೧೮೮೮ರಲ್ಲಿ, ಗ್ರೀನ್‌ಲೆಂಡಿನ ಹಿಮವನ್ನು ದಾಟಿದ ನಾರ್ವೆಯ ನಾನ್ಸೆನ್ ಮತ್ತು ಆತನ ಐವರು ಸಂಗಡಿಗರು ಹಿಮಸಾರಂಗದ ಚರ್ಮದ ಚೀಲಗಳಲ್ಲಿ, ಒಂದೊಂದರಲ್ಲಿ ಮೂವರಂತೆ, ಒತ್ತಾಗಿ ಮಲಗಿದರು. ಹೀಗೆ ಇಂದು ಅಂಗಡಿಯಲ್ಲಿ ಬಣ್ಣಬಣ್ಣವಾಗಿ ಮೆರೆಯುವ ಚೀಲದ ವಂಶವೃಕ್ಷವನ್ನು ಹಿಡಿದು ಹಿಂದಕ್ಕೆ ಹೋದರೆ ಕುರಿಯ ಉಣ್ಣೆಯನ್ನೂ ಕಂಬಳಿಯನ್ನೂ ತಲಪುತ್ತೇವೆ.

ಕಂಬಳಿ ಎಂದೊಡನೆ ನಮ್ಮ ಸೀಮೆಯ ನೆನಪು ಬಾರದಿರದು. ನಾವು ಕಂಬಳಿ ಎನ್ನುವುದನ್ನು ನೆರೆಯ ತೆಲುಗು ಬಂಧುಗಳು ಗೊಂಗಳಿ ಎನ್ನುತ್ತಾರೆ. ಹೆಸರು ಎರಡಾದರೂ ಕುರಿ ಒಂದೇ. ಕಲ್ಯಾಣದುರ್ಗದ ಸುತ್ತಿನಿಂದ ಗಡಿಯಾಚೆಯ ಚಳ್ಳಕೆರೆಯ ತನಕ ಕುರಿ ಸಾಕುವವರೂ ಕಂಬಳಿ ನೇಯುವವರೂ ತಲೆಮಾರುಗಳಿಂದ ಇದ್ದಾರೆ. ದಖ್ಖನಿನ ಕರಿಯ ಕುರಿಯ ಉಣ್ಣೆಯನ್ನು ಕತ್ತರಿಸಿ, ಬಿಡಿಸಿ, ಹೆಂಗಸರು ನೂಲು ತೆಗೆಯುತ್ತಾರೆ. ಹುಣಸೆಬೀಜದ ಗಂಜಿಯನ್ನು ನೂಲಿಗೆ ಹಚ್ಚಿ ಬಿರುಸು ಮಾಡಿ, ಗುಂಡಿಮಗ್ಗದಲ್ಲಿ ನೇಯುತ್ತಾರೆ. ಕುರಿಯ ಮಂದೆಯೊಡನೆ ಊರಿಂದೂರಿಗೆ ಹೋಗಿ, ಗೊಬ್ಬರಕ್ಕಾಗಿ ರೈತನ ಹೊಲದಲ್ಲಿ ಮಂದೆಯನ್ನು ನಿಲ್ಲಿಸಿ, ಅದರ ಪಕ್ಕದಲ್ಲಿಯೇ ಬಯಲಿನಲ್ಲಿ ಮಲಗುವ ಕುರುಬನಿಗೆ ಇದೊಂದೇ ವಸ್ತು ಹಾಸಿಗೆ, ಹೊದಿಕೆ, ಕೊಡೆ ಎಲ್ಲವೂ. ಮಳೆ ಬಂದರೆ ತಲೆಯ ಮೇಲಿಂದ ಕೊಪ್ಪೆ ಹಾಕಿಕೊಳ್ಳುತ್ತಾನೆ. ಬಿಸಿಲೇರಿದರೆ ಹೆಗಲಿಗೆ ಹಾಕುತ್ತಾನೆ. ಇರುಳಾದರೆ ಹಾಸಿ ಹೊದೆಯುತ್ತಾನೆ. ನಮ್ಮ ಮೂರು ಕಾಲಗಳಿಗೂ ಸಲ್ಲುವ ಹೊದಿಕೆ ಯಾವುದೆಂದು ಕೇಳಿದರೆ ಬೆರಳು ತೋರಬೇಕಾದುದು ಅದರ ಕಡೆಗೇ.

ಆದರೆ ಅಭಿಮಾನದಿಂದ ಕಣ್ಣು ಮುಚ್ಚಿಕೊಳ್ಳಬಾರದು. ಕಂಬಳಿಗೆ ಗುಣಗಳಿರುವಂತೆ ದೋಷಗಳೂ ಇವೆ. ಉಣ್ಣೆಯು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಬೆಂಕಿಯ ಕಿಡಿ ಹಾರಿದರೆ ಸುಲಭವಾಗಿ ಹತ್ತಿಕೊಳ್ಳುವುದಿಲ್ಲ. ನೈಲಾನಿನ ಚೀಲವಾದರೋ ಒಂದೇ ಕಿಡಿಗೆ ಕರಗಿ ತೂತಾಗುತ್ತದೆ. ಇವು ಗುಣಗಳು. ಆದರೆ ಕಂಬಳಿ ಭಾರವಾದುದು. ಸುತ್ತಿದರೆ ಬೆನ್ನುಚೀಲದ ತುಂಬ ಅದೇ ಆಗುತ್ತದೆ. ಸುರಿವ ಮಳೆಯಲ್ಲಿ ಪೂರ್ತಿ ನೆನೆದರೆ ಮತ್ತಷ್ಟು ಭಾರವಾಗಿ ಒಣಗಲು ದಿನಗಳನ್ನೇ ತೆಗೆದುಕೊಳ್ಳುತ್ತದೆ. ಹಿಮಾಲಯದ ಎತ್ತರದಲ್ಲಿ ಅದೊಂದನ್ನೇ ನಂಬಿ ಮಲಗುವುದು ಸಾಹಸವಲ್ಲ, ಅವಿವೇಕ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಜನವರಿ ತಿಂಗಳಲ್ಲಿ ಹತ್ತು ಹನ್ನೆರಡು ಹುಡುಗರನ್ನು ಕರೆದುಕೊಂಡು ನಾವು ಕುಂದುರ್ಪಿಯ ಬೆಟ್ಟಕ್ಕೆ ಹೋಗಿ ರಾತ್ರಿ ಅಲ್ಲಿಯೇ ತಂಗಿದ್ದೆವು. ಒಬ್ಬ ಹುಡುಗನ ಬಳಿ ಹೊಸ ಚೀಲವಿತ್ತು. ಅದರ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ೫ ಡಿಗ್ರಿ ಎಂದು ಅಚ್ಚಾಗಿತ್ತು. ‘ನಮ್ಮ ಸೀಮೆಯಲ್ಲಿ ಅಷ್ಟು ಚಳಿ ಎಲ್ಲಿಯದು? ನೀನೇ ಭಾಗ್ಯವಂತ’ ಎಂದು ನಾವೇ ಹೇಳಿದೆವು. ಮತ್ತೊಬ್ಬ ಹುಡುಗ ತನ್ನ ತಾತನ ಹಳೆಯ ಕಂಬಳಿಯನ್ನು ತಂದಿದ್ದನು. ಎಲ್ಲರ ಕಣ್ಣಿಗೆ ಬಿದ್ದೀತೆಂದು ಅದನ್ನು ಗೋಣಿಚೀಲದಲ್ಲಿ ಸುತ್ತಿಟ್ಟುಕೊಂಡಿದ್ದನು. ಮೊದಲ ಜಾವದಲ್ಲಿ ಬಂಡೆ ಹಗಲಿನ ಬಿಸಿಲನ್ನು ಇನ್ನೂ ಹಿಡಿದಿಟ್ಟುಕೊಂಡು ಬೆಚ್ಚಗಿತ್ತು. ಹಾಸುವುದಕ್ಕೆ ಏನೂ ಬೇಡವೆಂದು ಹುಡುಗರು ಹಾಗೆಯೇ ಮಲಗಿದರು. ನಾವೂ ಬೇಡವೆನ್ನಲಿಲ್ಲ. ಮೋಡವಿಲ್ಲದ ಆಕಾಶ, ನೆಲದ ಶಾಖವೆಲ್ಲ ಮೇಲಕ್ಕೆ ಹೋಗಿ ಮೂರನೆಯ ಜಾವಕ್ಕೆ ಬಂಡೆ ಹಾವಿನಂತೆ ತಣ್ಣಗಾಯಿತು, ಇಬ್ಬನಿಯೂ ಬಿತ್ತು. ಹೊಸ ಚೀಲದ ಹುಡುಗ ಹಲ್ಲು ಕಡಿಯುತ್ತ ನಡುಗಲಾರಂಭಿಸಿದನು. ಮಾತನಾಡಿಸಿದರೆ ಉತ್ತರ ತೊದಲಾಗಿ ಬಂತು. ಆಗ ನಮಗೆ ಉಂಟಾದ ಭಯವನ್ನು ಇಂದಿಗೂ ಮರೆತಿಲ್ಲ. ಹೆತ್ತವರು ನಮ್ಮನ್ನು ನಂಬಿ ಕಳುಹಿಸಿದ ಮಗು ಅದು.

ಆ ಇನ್ನೊಬ್ಬ ಹುಡುಗ ಎದ್ದು ಬಂದು, ಒಂದು ಮಾತನ್ನೂ ಆಡದೆ, ತನ್ನ ಕಂಬಳಿಯನ್ನು ಎರಡು ಮಡಿಕೆ ಮಾಡಿ ಬಂಡೆಯ ಮೇಲೆ ಹಾಸಿದನು. ಒದ್ದೆಯಾದ ಅಂಗಿಯನ್ನು ಬಿಚ್ಚಿಸಿ, ಒಣಗಿದ ಬಟ್ಟೆ ತೊಡಿಸಿ, ನಡುಗುತ್ತಿದ್ದವನನ್ನು ಚೀಲದೊಡನೆ ಅದರ ಮೇಲೆ ಮಲಗಿಸಿದೆವು. ಇಬ್ಬರು ಹುಡುಗರು ಎರಡು ಪಕ್ಕಕ್ಕೆ ಒತ್ತಿ ಮಲಗಿದರು. ಬಿಸಿ ನೀರಿಗೆ ಬೆಲ್ಲ ಕದಡಿ ಕುಡಿಸಿದೆವು. ಅರ್ಧ ಗಂಟೆಯಲ್ಲಿ ನಡುಕ ನಿಂತಿತು. ಬೆಳಗಾಗುವ ಹೊತ್ತಿಗೆ ಅವನು ನಗುತ್ತಿದ್ದನು. ಬೆಳಕಿನಲ್ಲಿ ಚೀಟಿಯನ್ನು ಮತ್ತೆ ಓದಿ ನೋಡಿದೆವು. ೫ ಡಿಗ್ರಿ ಎಂಬುದು ಪ್ರಾಣಾಪಾಯದ ಅಂಚಿನ ಮಟ್ಟ. ಸುಖವಾಗಿ ನಿದ್ರಿಸಬಹುದಾದ ಮಟ್ಟ ೧೮ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ತಪ್ಪು ಹುಡುಗನದಲ್ಲ, ಓದು ಕಲಿಸುವ ನಾವೇ ಪೂರ್ತಿ ಓದಿರಲಿಲ್ಲ.

ಆದುದರಿಂದ ಮೊದಲ ಸೂತ್ರ ಇದು: ಚೀಟಿಯ ಮೇಲಿನ ಸಂಖ್ಯೆಗಳನ್ನೆಲ್ಲ ಓದಿರಿ. ಇದಕ್ಕೆ ಐ.ಎಸ್.ಓ. ೨೩೫೩೭ ಎಂಬ ಅಂತರರಾಷ್ಟ್ರೀಯ ಮಾನಕವುಂಟು. ಶಾಖವನ್ನು ಅಳೆಯುವ ಗೊಂಬೆಯೊಂದನ್ನು ಚೀಲದೊಳಗೆ ಮಲಗಿಸಿ ಪರೀಕ್ಷೆ ಮಾಡಿ, ಮುಖ್ಯವಾಗಿ ಮೂರು ಅಂಕೆಗಳನ್ನು ಕೊಡುತ್ತಾರೆ. ಮೊದಲನೆಯದು ‘ಕಂಫರ್ಟ್’, ಅಂದರೆ ಸಾಧಾರಣ ಮೈಕಟ್ಟಿನ ಹೆಂಗಸು ಹಾಯಾಗಿ ನಿದ್ರಿಸಬಹುದಾದ ಮಟ್ಟ. ಎರಡನೆಯದು ‘ಲಿಮಿಟ್’, ಸಾಧಾರಣ ಗಂಡಸು ಮುದುಡಿಕೊಂಡು ಎಂಟು ಗಂಟೆಗಳ ಕಾಲ ಹೇಗೋ ನಿದ್ರಿಸಬಹುದಾದ ಮಟ್ಟ. ಮೂರನೆಯದು ‘ಎಕ್ಸ್‌ಟ್ರೀಮ್’, ಜೀವ ಉಳಿಯಬಹುದಾದರೂ ಮೈ ಅಪಾಯಕರವಾಗಿ ತಣ್ಣಗಾಗುವ ಸಂಭವವಿರುವ ಮಟ್ಟ. ಕೊಳ್ಳುವವರು ಮೊದಲನೆಯ ಅಂಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯತಕ್ಕದ್ದು. ಮೂರನೆಯದನ್ನು ಕಂಡರೂ ಕಾಣದಂತಿರುವುದು ಲೇಸು. ಮಾನಕದ ಹೆಸರೇ ಇಲ್ಲದೆ ಒಂದೇ ಅಂಕೆಯನ್ನು ದೊಡ್ಡದಾಗಿ ಅಚ್ಚುಹಾಕಿದ್ದರೆ ಅದನ್ನು ಅನುಮಾನದಿಂದ ನೋಡಬೇಕು.

ಎರಡನೆಯ ಸೂತ್ರ: ಹೋಗುವ ಎಡೆಯ ಚಳಿಯನ್ನು ಮೊದಲು ಲೆಕ್ಕ ಹಾಕಿರಿ. ಸಾವಿರ ಮೀಟರು ಮೇಲಕ್ಕೆ ಏರಿದರೆ ಸುಮಾರು ಆರೂವರೆ ಡಿಗ್ರಿಯಷ್ಟು ಉಷ್ಣ ಇಳಿಯುತ್ತದೆ. ಬೆಂಗಳೂರು ಸುಮಾರು ೯೨೦ ಮೀಟರು ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ಶಿಖರ ೧೯೩೦ ಮೀಟರು. ಬೆಂಗಳೂರಿನಲ್ಲಿ ಹದಿನೈದು ಡಿಗ್ರಿಯ ರಾತ್ರಿಯಾದರೆ ಅಷ್ಟೆತ್ತರದಲ್ಲಿ ಎಂಟು ಒಂಬತ್ತು ಡಿಗ್ರಿ ಇದ್ದೀತೆಂದು ಎಣಿಸಿ, ಗಾಳಿಗಾಗಿ ಇನ್ನೂ ನಾಲ್ಕೈದು ಡಿಗ್ರಿಯನ್ನು ಕಳೆಯಬೇಕು. ಹಾಗಾದರೆ ನಮ್ಮ ಸಹ್ಯಾದ್ರಿಯ ಬೆಟ್ಟಗಳಿಗೆ ಕಂಫರ್ಟ್ ಮಟ್ಟ ೫ರ ಸುಮಾರಿನ ಚೀಲ ಧಾರಾಳವಾಗಿ ಸಾಕು. ಹಿಮಾಲಯದಲ್ಲಿ ಮೂರು ನಾಲ್ಕು ಸಾವಿರ ಮೀಟರಿನ ಎತ್ತರಕ್ಕೆ ಬೇಸಿಗೆಯಲ್ಲಿ ಹೋಗುವವರಿಗೆ ಸೊನ್ನೆಗೂ ಕೆಳಗಿನ ಕಂಫರ್ಟ್ ಮಟ್ಟವಿರುವ ಚೀಲ ಬೇಕು. ಹಿಮದ ತಿಂಗಳುಗಳಲ್ಲಿ ಹೋಗುವವರಿಗೆ ಮೂರು ಕಾಲದ ಚೀಲ ಸಾಲದು.

ಮೂರನೆಯ ಸೂತ್ರ: ಕೆಳಗಿನದನ್ನು ಮರೆಯಬೇಡಿರಿ. ಮೈಯ ಭಾರಕ್ಕೆ ಚೀಲದ ಕೆಳಭಾಗದ ತುಪ್ಪುಳು ಒತ್ತಿಹೋಗಿ ಗಾಳಿಯೆಲ್ಲ ಹೊರಟುಬಿಡುತ್ತದೆ. ಅಲ್ಲಿ ಚೀಲ ಇದ್ದೂ ಇಲ್ಲದಂತೆ. ನೆಲ ಮೈಯ ಶಾಖವನ್ನು ಬೇಡದ ಸಾಲಗಾರನಂತೆ ರಾತ್ರಿಯಿಡೀ ವಸೂಲು ಮಾಡುತ್ತದೆ. ಫೋಮಿನ ಚಾಪೆಯೋ, ಎರಡು ಮಡಿಕೆಯ ಕಂಬಳಿಯೋ ಕೆಳಗಿದ್ದಾಗ ಮಾತ್ರ ಚೀಟಿಯಲ್ಲಿ ಬರೆದ ಅಂಕೆ ನಿಜವಾಗುತ್ತದೆ. ಕುಂದುರ್ಪಿಯ ಬಂಡೆ ನಮಗೆ ಕಲಿಸಿದ ಪಾಠ ಇದೇ. ಹಣ ಕಡಿಮೆಯಿದ್ದವರು ಚೀಲಕ್ಕಿಂತ ಮೊದಲು ಹಾಸುವುದಕ್ಕೆ ಖರ್ಚು ಮಾಡುವುದು ಬುದ್ಧಿವಂತಿಕೆ.

ನಾಲ್ಕನೆಯದು ಒಳಗಿನ ತುಂಬುವಸ್ತು. ಬಾತುಕೋಳಿ ಮತ್ತು ಹೆಬ್ಬಾತುಗಳ ನುಣ್ಣನೆಯ ತುಪ್ಪುಳು ಹಗುರ, ಬಹಳ ಬೆಚ್ಚನೆಯದು, ಮುಷ್ಟಿಯಷ್ಟಕ್ಕೆ ಮಡಿಯುವಂಥದು; ಆದರೆ ನೆನೆದರೆ ಮುದ್ದೆಯಾಗಿ ಕೆಲಸಕ್ಕೆ ಬಾರದು, ಬೆಲೆಯೂ ಹೆಚ್ಚು. ಪಾಲಿಯೆಸ್ಟರ್ ಎಳೆಗಳಿಂದ ತುಂಬಿದುದು ತುಸು ಭಾರ, ತುಸು ದಪ್ಪ; ಆದರೆ ತೇವವಾದರೂ ಅಷ್ಟಿಷ್ಟು ಬೆಚ್ಚಗಿರುತ್ತದೆ, ಬೇಗ ಒಣಗುತ್ತದೆ, ಬೆಲೆಯೂ ಕೈಗೆ ನಿಲುಕುತ್ತದೆ. ಮಳೆಯೂ ಮಂಜೂ ಹೆಚ್ಚಾಗಿರುವ ಸಹ್ಯಾದ್ರಿಗೆ ಹೋಗುವ ವಿದ್ಯಾರ್ಥಿಗೆ ಎರಡನೆಯದೇ ತಕ್ಕುದೆಂದು ನಮ್ಮ ಅಭಿಮತ. ಹಿಮಾಲಯದ ಒಣಚಳಿಯಲ್ಲಿ, ಹೊರೆಯನ್ನು ತಾನೇ ಹೊತ್ತು ಅನೇಕ ದಿನ ನಡೆಯುವವನಿಗೆ ಮೊದಲನೆಯದು ಒಪ್ಪುವುದು.

ಐದನೆಯದು ಅಳತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಇಲ್ಲಿ ಮಾತ್ರ ಕಾಲು ಇದ್ದಷ್ಟು ಹಾಸಿಗೆಯನ್ನು ಕೊಳ್ಳಬೇಕು. ಗಿಡ್ಡವಾದರೆ ಪಾದಗಳು ತುದಿಯನ್ನು ಒತ್ತಿ ಗಾಳಿಯನ್ನು ಹೊರದೂಡುತ್ತವೆ. ಅತಿ ಸಡಿಲವಾದರೆ ಒಳಗಿನ ಖಾಲಿ ಜಾಗವನ್ನೆಲ್ಲ ನಮ್ಮ ಮೈಯೇ ಕಾಯಿಸಬೇಕಾಗುತ್ತದೆ. ಆದಕಾರಣ ಅಂಗಡಿಯಲ್ಲಿ ನಾಚಿಕೊಳ್ಳದೆ ಒಳಹೊಕ್ಕು ಮಲಗಿ ನೋಡಿರಿ. ತಲೆಯ ಮುಸುಕನ್ನು ದಾರವೆಳೆದು ಬಿಗಿಯಲು ಬರುತ್ತದೆಯೇ, ಜಿಪ್ಪು ಬಟ್ಟೆಯನ್ನು ಕಚ್ಚಿಕೊಳ್ಳುತ್ತದೆಯೇ, ಅದರ ಹಿಂದೆ ಗಾಳಿಯನ್ನು ತಡೆಯುವ ಪಟ್ಟಿಯಿದೆಯೇ ಎಂಬುದನ್ನು ಪರೀಕ್ಷಿಸಿರಿ.

ಕೊಂಡ ಮೇಲೆ ಕಾಪಾಡುವುದೂ ಒಂದು ವಿದ್ಯೆ. ಮನೆಯಲ್ಲಿ ಅದನ್ನು ಸಣ್ಣ ಚೀಲದಲ್ಲಿ ತುರುಕಿ ತಿಂಗಳುಗಟ್ಟಲೆ ಇಟ್ಟರೆ ಉಬ್ಬುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ದೊಡ್ಡ ಹತ್ತಿಯ ಚೀಲದಲ್ಲಿ ಸಡಿಲವಾಗಿಡಬೇಕು. ಒಳಗೆ ಹಳೆಯ ಪಂಚೆಯನ್ನೋ ಸೀರೆಯನ್ನೋ ಚೀಲದಂತೆ ಹೊಲಿದು ಹಾಕಿಕೊಂಡರೆ ಕೊಳೆ ಅದಕ್ಕೆ ತಗಲುತ್ತದೆ, ಮೇಲಿನದನ್ನು ಪದೇಪದೇ ಒಗೆಯಬೇಕಾಗಿಲ್ಲ. ಮಲಗುವಾಗ ಒಣಗಿದ ಬಟ್ಟೆ ತೊಟ್ಟಿರಬೇಕು. ಮುಖವನ್ನು ಒಳಗೆ ಹುದುಗಿಸಬಾರದು, ಉಸಿರಿನ ತೇವ ಒಳಗೇ ಉಳಿಯುತ್ತದೆ. ಮಲಗುವ ಮುಂಚೆ ಒಂದು ಹಿಡಿ ಕಡಲೆಕಾಯಿ, ಒಂದು ಚೂರು ಬೆಲ್ಲ ತಿನ್ನಿರಿ. ಒಲೆಗೆ ಸೌದೆ ಬೇಕೆಂದು ಹೇಳಿದೆವಷ್ಟೆ. ಆ ಸೌದೆಯನ್ನು ನಮ್ಮ ಅನಂತಪುರ ಸೀಮೆಯ ಹೊಲಗಳೇ ಬೆಳೆಯುತ್ತವೆ.

ಈಗ ಆ ತಾಯಿಯ ಪ್ರಶ್ನೆಗೆ ಉತ್ತರ ಹೇಳಬಹುದು. ನಮ್ಮ ಬಯಲಿನ ರಾತ್ರಿಗಳಿಗೆ, ಪೆನುಕೊಂಡೆ ರಾಯದುರ್ಗಗಳ ಬೆಟ್ಟಗಳ ಬುಡದಲ್ಲಿ ತಂಗುವುದಕ್ಕೆ, ಚೀಲ ಕೊಳ್ಳಬೇಕಾದುದಿಲ್ಲ. ಹಾಸಲೊಂದು, ಹೊದೆಯಲೊಂದು ಕಂಬಳಿ ಸಾಕು. ಸಹ್ಯಾದ್ರಿಗೆ ವರ್ಷಕ್ಕೆ ಹಲವು ಸಲ ಹೋಗುವ ಮಗಳಿಗೆ ಪಾಲಿಯೆಸ್ಟರಿನ ಚೀಲವೊಂದನ್ನು ಕೊಡಿಸಿರಿ. ಅವಳದು ಹೆಣ್ಣುಮೈಯಾದುದರಿಂದ ಲಿಮಿಟ್ ಎಂಬ ಅಂಕೆಯನ್ನು ಬಿಟ್ಟು ಕಂಫರ್ಟ್ ಅಂಕೆಯನ್ನೇ ನೋಡಿರಿ. ಜೀವಮಾನದಲ್ಲಿ ಒಮ್ಮೆ ಹಿಮಾಲಯಕ್ಕೆ ಹೋಗುವವರು ಬಾಡಿಗೆಗೆ ಪಡೆಯುವುದೇ ಮೇಲು.

ಕೊನೆಯದಾಗಿ ಸಂಘದ ಮುಂದೆ ಒಂದು ಸೂಚನೆಯನ್ನಿಡುತ್ತೇವೆ. ಪುಸ್ತಕಭಂಡಾರದಿಂದ ಪುಸ್ತಕವನ್ನು ಎರವಲು ಕೊಡುವಂತೆ, ಐದಾರು ಒಳ್ಳೆಯ ಚೀಲಗಳನ್ನೂ ಅಷ್ಟೇ ಕಂಬಳಿಗಳನ್ನೂ ಸಂಘವೇ ಕೊಂಡು ಇಟ್ಟುಕೊಂಡು ವಿದ್ಯಾರ್ಥಿಗಳಿಗೆ ಎರವಲು ಕೊಡಬಾರದೇಕೆ? ಹಾಗೆ ಮಾಡಿದರೆ ಬಡವರ ಮಕ್ಕಳು ಚೀಲವಿಲ್ಲವೆಂಬ ಕಾರಣಕ್ಕೆ ಬೆಟ್ಟವನ್ನು ಕಾಣದೆ ಉಳಿಯುವುದಿಲ್ಲ. ಕಂಬಳಿಗಳನ್ನು ನೇಕಾರರ ಮನೆಯಿಂದಲೇ ಕೊಳ್ಳೋಣ. ಮಾಂಸಕ್ಕಾಗಿ ಉಣ್ಣೆಯಿಲ್ಲದ ನೆಲ್ಲೂರು ಜಾತಿಯ ಕುರಿಗಳನ್ನು ಸಾಕುವುದು ಹೆಚ್ಚಿ, ಕರಿಯ ಕುರಿ ಕಡಿಮೆಯಾಗುತ್ತ, ಗಿರಣಿಯ ಅಗ್ಗದ ರಗ್ಗುಗಳು ಸಂತೆಯನ್ನು ತುಂಬುತ್ತಿರುವ ಈ ಕಾಲದಲ್ಲಿ, ಕೊಳ್ಳುವವರಿಲ್ಲದೆ ಮಗ್ಗ ನಿಂತರೆ ಅದರೊಡನೆ ಕೊಪ್ಪೆ, ಗುಂಡಿಮಗ್ಗ, ಮಂದೆ ಎಂಬ ಮಾತುಗಳೂ ನಮ್ಮ ಮಕ್ಕಳ ಬಾಯಿಂದ ಹೊರಟುಹೋಗುವುವು. ವಸ್ತು ಉಳಿದರೆ ಮಾತು ಉಳಿಯುತ್ತದೆ.

ಅಂದು ಕಂಬಳಿಯನ್ನು ಗೋಣಿಯಲ್ಲಿ ಸುತ್ತಿ ಮರೆಮಾಡಿದ್ದ ಹುಡುಗ ಮರುದಿನ ಬೆಟ್ಟವನ್ನು ಇಳಿಯುವಾಗ ಅದನ್ನು ಹೆಗಲ ಮೇಲೆ ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಡೆದನು. ನಮ್ಮ ಮಕ್ಕಳೆಲ್ಲರೂ ಹಾಗೆ ನಡೆಯುವಂತಾಗಲಿ. ಹೊಸದನ್ನು ಓದಿ ತಿಳಿದು ಕೊಳ್ಳಲಿ, ಮನೆಯದನ್ನು ನಾಚದೆ ಹೊರಲಿ ಎಂದು ಹಾರೈಸುತ್ತೇವೆ.